ಬಿಸಿನೀರು, ಬಾಟಲಿ, ಬಲೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಖಾಲಿ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ಬಿಸಿನೀರಿನಲ್ಲಿ ಇಡುವ ಪ್ರಯೋಗವನ್ನು ನಾನು ಮಕ್ಕಳ ಜೊತೆ ಎಷ್ಟೋ ಸಲ ಮಾಡಿದ್ದೇನೆ. ಬಲೂನು ತಾನಾಗಿ ಎದ್ದು ನಿಂತಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮಕ್ಕಳು ಕೇಳಿದ್ದು, ಅವರ ಅಪ್ಪ ಅಮ್ಮ ಕೇಳಿದ್ದು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಈ ಪ್ರಯೋಗಕ್ಕೆ ಏನೇನು ಬೇಕು?

ಒಂದು ಬಲೂನು, ಒಂದು ಖಾಲಿ ಬಾಟಲಿ, ಬಾಟಲಿ ಕೂರುವಷ್ಟು ಆಳದ ಎರಡು ಪಾತ್ರೆ. ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ಮತ್ತು ಮಂಜುಗಡ್ಡೆ. ಒಂದು ತುಂಡು ದಾರ ಮತ್ತು ಸ್ಕೇಲ್ ಇದ್ದರೆ ಇನ್ನೂ ಒಳ್ಳೆಯದು. ದಾರ ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಮಾಡುವುದು ಹೇಗೆ?

ಮೊದಲು ಬಲೂನನ್ನು ಮೂರು ನಾಲ್ಕು ಸಲ ಊದಿ ಗಾಳಿ ಬಿಡಿ. ರಬ್ಬರ್ ಮೆತ್ತಗಾಗುತ್ತದೆ. ಅದರ ಬಾಯನ್ನು ಬಾಟಲಿಯ ಕತ್ತಿನವರೆಗೂ ಎಳೆದು ಸಿಕ್ಕಿಸಿ. ಬಲೂನು ಒಂದು ಪಕ್ಕಕ್ಕೆ ಸೋತು ಬಿದ್ದಿರುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಬಾಟಲಿಯನ್ನು ಬಿಸಿನೀರಿಗೆ ಇಡುವ ಮುಂಚೆ ಮಕ್ಕಳನ್ನು ಕೇಳಿ: "ಈಗ ಏನಾಗುತ್ತೆ? ಯಾಕೆ?" ಅವರು ಏನೇ ಹೇಳಲಿ, ತಪ್ಪು ಅನ್ನಬೇಡಿ. ಒಂದು ಕಾಗದದ ಮೇಲೆ ಬರೆದಿಡಿ. ನನ್ನ ಪ್ರಕಾರ ಇಡೀ ಪ್ರಯೋಗದಲ್ಲಿ ಇದೇ ಮುಖ್ಯವಾದ ಹೆಜ್ಜೆ. ಬಲೂನು ಉಬ್ಬುವುದನ್ನು ನೋಡಿದರೆ ಮಗುವಿಗೆ ಖುಷಿಯಾಗುತ್ತದೆ, ಅಷ್ಟೇ. ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ತಾನೇ ನೋಡಿಕೊಂಡರೆ ಕಲಿತದ್ದು ಮನಸ್ಸಿನಲ್ಲಿ ಉಳಿಯುತ್ತದೆ.

ಈಗ ಬಾಟಲಿಯನ್ನು ಬಿಸಿನೀರಿನಲ್ಲಿ ಹಿಡಿದುಕೊಳ್ಳಿ. ಒಳಗೆ ಬರೀ ಗಾಳಿ ಇರುವುದರಿಂದ ಅದು ತೇಲಲು ನೋಡುತ್ತದೆ, ಕೈ ಬಿಡಬೇಡಿ. ಒಂದೆರಡು ನಿಮಿಷದಲ್ಲಿ ಬಲೂನು ಮೆಲ್ಲಗೆ ತಲೆ ಎತ್ತುತ್ತದೆ. ಅದಾದ ಮೇಲೆ ಬಾಟಲಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಸಾದಾ ನೀರಿನಲ್ಲಿ ಅದ್ದಿ, ಆಮೇಲೆ ಮಂಜುಗಡ್ಡೆಯ ನೀರಿಗೆ ಬದಲಾಯಿಸಿ. ಬಲೂನು ಮತ್ತೆ ಸೋತು ಮಲಗುತ್ತದೆ.

ಬಲೂನು ಯಾಕೆ ಉಬ್ಬುತ್ತದೆ?

ಖಾಲಿ ಬಾಟಲಿ ಅಂತೀವಲ್ಲ, ಅದು ಖಾಲಿಯಲ್ಲ. ಅದರ ತುಂಬ ಗಾಳಿ ಇದೆ. ಗಾಳಿ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಅಣುಗಳ ಗುಂಪು. ಅವು ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಸಾಮಾನ್ಯ ಕೋಣೆಯ ಬಿಸಿಯಲ್ಲೇ ನೈಟ್ರೋಜನ್ ಅಣುಗಳು ಸರಾಸರಿ ಸೆಕೆಂಡಿಗೆ ಸುಮಾರು 470 ಮೀಟರ್ ವೇಗದಲ್ಲಿ ಓಡಾಡುತ್ತವೆ. ಓಡುತ್ತಾ ಒಂದಕ್ಕೊಂದು ಬಡಿಯುತ್ತವೆ, ಬಾಟಲಿಯ ಗೋಡೆಗೆ ಬಡಿಯುತ್ತವೆ, ಬಲೂನಿನ ರಬ್ಬರಿಗೂ ಬಡಿಯುತ್ತವೆ. ಈ ಬಡಿತವನ್ನೇ ನಾವು ಒತ್ತಡ ಎನ್ನುತ್ತೇವೆ.

ಬಿಸಿ ತಾಗಿದಾಗ ಅಣುಗಳ ಓಟ ಜಾಸ್ತಿಯಾಗುತ್ತದೆ, ಬಡಿತವೂ ಜೋರಾಗುತ್ತದೆ. ಬಾಟಲಿಯ ಗೋಡೆ ಗಟ್ಟಿ, ಅದು ಜಗ್ಗುವುದಿಲ್ಲ. ರಬ್ಬರ್ ಜಗ್ಗುತ್ತದೆ. ಆದ್ದರಿಂದ ಒಳಗಿನ ಗಾಳಿ ರಬ್ಬರನ್ನು ಹೊರಕ್ಕೆ ತಳ್ಳಿ ತನಗೆ ಜಾಗ ಮಾಡಿಕೊಳ್ಳುತ್ತದೆ. ತಣ್ಣಗಾದಾಗ ಒಳಗಿನ ಬಡಿತ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಬಲೂನನ್ನು ವಾಪಸ್ ಒತ್ತುತ್ತದೆ.

ಮಕ್ಕಳಿಗೆ ಇದನ್ನು ಆಡಿ ತೋರಿಸಬಹುದು. ನಾಲ್ಕೈದು ಮಕ್ಕಳನ್ನು ಒತ್ತಾಗಿ ನಿಲ್ಲಿಸಿ, ನಿಂತಲ್ಲೇ ಕೈಕಾಲು ಆಡಿಸಲು ಹೇಳಿ. ಮೆಲ್ಲಗೆ ಆಡಿಸಿದರೆ ಸ್ವಲ್ಪ ಜಾಗ ಸಾಕು. ಜೋರಾಗಿ ಆಡಿಸಿದರೆ ಗುಂಪು ತಾನಾಗಿಯೇ ಹರಡಿಕೊಳ್ಳುತ್ತದೆ. ಮಕ್ಕಳ ಸಂಖ್ಯೆ ಅಷ್ಟೇ ಇದೆ, ಯಾರೂ ದಪ್ಪ ಆಗಲಿಲ್ಲ, ಆದರೂ ಗುಂಪಿಗೆ ಜಾಗ ಜಾಸ್ತಿ ಬೇಕಾಯಿತು. ಬಾಟಲಿಯಲ್ಲೂ ಅಷ್ಟೇ. ಅಣುಗಳು ದಪ್ಪಗಾಗುವುದಿಲ್ಲ, ಅವುಗಳ ನಡುವಿನ ಜಾಗ ದೊಡ್ಡದಾಗುತ್ತದೆ.

ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಅದಕ್ಕೇ ಬಲೂನು ತುಂಬುತ್ತದೆ, ಅಲ್ವಾ?

ನಾನು ಅತಿ ಹೆಚ್ಚು ಕೇಳಿರುವ ಉತ್ತರ ಇದು. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹೀಗೇ ಹೇಳುತ್ತಾರೆ. ಇದು ಅರ್ಥವಿಲ್ಲದ ಮಾತಲ್ಲ, ಬಿಸಿ ಗಾಳಿ ಮೇಲೇರುವುದು ನಿಜವೇ. ಆದರೆ ಬಲೂನು ಉಬ್ಬುವುದಕ್ಕೆ ಅದು ಕಾರಣವಲ್ಲ.

ವಾದ ಮಾಡುವ ಬದಲು ಪರೀಕ್ಷೆ ಮಾಡೋಣ. ಬಿಸಿ ಗಾಳಿ ಮೇಲೇರುವುದರಿಂದಲೇ ಬಲೂನು ಉಬ್ಬುವುದಾದರೆ, ಬಾಟಲಿಯನ್ನು ತಲೆಕೆಳಗು ಹಿಡಿದಾಗ ಅದು ಉಬ್ಬಬಾರದು. ಬಲೂನು ಕೆಳಗೆ ನೇತಾಡುತ್ತಿರುತ್ತದೆ, ಬಿಸಿ ಗಾಳಿ ಮೇಲೆ ಬಾಟಲಿಯ ತಳದಲ್ಲೇ ಉಳಿಯಬೇಕು.

ಇದಕ್ಕೆ ಕುದಿಯುವ ನೀರು ಬೇಡ. ಖಾಲಿ ಬಾಟಲಿಯನ್ನು ಬಾಯಿ ಮೇಲೆ ಮಾಡಿ ಒಂದು ಗಂಟೆ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಕೂಡಲೇ ಬಾಯಿಯನ್ನು ಒರೆಸಿ ಬಲೂನು ಸಿಕ್ಕಿಸಿ. ತಲೆಕೆಳಗು ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಾಟಲಿಗೆ ಸುತ್ತಿ. ನೇತಾಡುತ್ತಿರುವ ಬಲೂನು ಕೆಳಮುಖವಾಗಿಯೇ ಉಬ್ಬುತ್ತದೆ! ಬಾಟಲಿಯನ್ನು ಅಡ್ಡ ಮಲಗಿಸಿದರೂ ಉಬ್ಬುತ್ತದೆ. ಗಾಳಿ ಹಿಗ್ಗುವಾಗ ಮೇಲೆ ಕೆಳಗೆ ಎಂದು ನೋಡುವುದಿಲ್ಲ, ಎಲ್ಲಿ ಜಗ್ಗುತ್ತದೋ ಅಲ್ಲಿಗೆ ಹೋಗುತ್ತದೆ.

ಒಂದು ಸಲ ಏಳು ವರ್ಷದ ಹುಡುಗಿಯೊಬ್ಬಳು ಇದನ್ನು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ತಾನೇ ಕಾಗದ ತೆಗೆದುಕೊಂಡು, ಮೊದಲು ಬರೆಸಿದ್ದ ಉತ್ತರಕ್ಕೆ ಗೆರೆ ಎಳೆದು, ಅದರ ಕೆಳಗೆ "ಗಾಳಿಗೆ ಜಾಗ ಬೇಕು" ಎಂದು ಬರೆದಳು. ನಾನು ಹತ್ತು ಸಲ ವಿವರಿಸಿದ್ದರೂ ಆ ಸಾಲು ಬರುತ್ತಿರಲಿಲ್ಲ.

ನಾವು ಮಾಡಿದಾಗ ಬಲೂನು ಏಳಲೇ ಇಲ್ಲ. ಏನು ತಪ್ಪಾಯಿತು?

ಬಹಳ ಸಲ ಬಾಟಲಿ ಚಿಕ್ಕದಾಗಿರುತ್ತದೆ. ಲೆಕ್ಕ ನೋಡಿ. ಕೋಣೆಯ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳಿ. ಅದು 60 ಡಿಗ್ರಿಗೆ ಏರಿದರೆ ಗಾಳಿ ಶೇಕಡಾ 11ರಷ್ಟು ಹಿಗ್ಗುತ್ತದೆ. ಒಂದು ಲೀಟರ್ ಬಾಟಲಿಯಲ್ಲಿ ಅದು 110 ಮಿ.ಲೀ., ಅಂದರೆ ಸುಮಾರು ಅರ್ಧ ಲೋಟ ಗಾಳಿ. ಕಾಲು ಲೀಟರ್ ಬಾಟಲಿಯಲ್ಲಾದರೆ 30 ಮಿ.ಲೀ. ಕೂಡ ಇಲ್ಲ. ಅಷ್ಟು ಗಾಳಿ ಬಲೂನಿನ ಮಡಿಕೆ ಬಿಡಿಸುವುದಕ್ಕೇ ಸರಿಹೋಗುತ್ತದೆ. ಆದ್ದರಿಂದ ಬಾಟಲಿ ದೊಡ್ಡದಿರಲಿ, ಬಲೂನು ಚಿಕ್ಕದಿರಲಿ.

ಇನ್ನೊಂದು ಕಾರಣ ಹೊಸ ಬಲೂನಿನ ಬಿಗಿ. ಬಾಯಿಂದ ಬಲೂನು ಊದುವಾಗ ಮೊದಲ ಉಸಿರೇ ಕಷ್ಟ, ಆಮೇಲೆ ಸಲೀಸು. ಅದು ಎಲ್ಲರಿಗೂ ಗೊತ್ತು. ಆ ಮೊದಲ ಬಿಗಿಯನ್ನು ನಿಮ್ಮ ಉಸಿರು ಗೆಲ್ಲುತ್ತದೆ, ಅರ್ಧ ಲೋಟ ಬಿಸಿ ಗಾಳಿ ಗೆಲ್ಲುವುದು ಕಷ್ಟ. ಅದಕ್ಕೇ ಮುಂಚೆಯೇ ಊದಿ ಬಿಡಬೇಕು ಎಂದಿದ್ದು.

ಮೂರನೆಯದು ಸೋರಿಕೆ. ಬಾಟಲಿಯ ಬಾಯಿ ಒದ್ದೆಯಿದ್ದರೆ ಬಲೂನು ಜಾರುತ್ತದೆ, ಸಂದಿಯಿಂದ ಗಾಳಿ ಹೋಗುತ್ತದೆ. ಒರೆಸಿ, ಕತ್ತಿನ ಸುತ್ತ ಟೇಪ್ ಸುತ್ತಿ. ಮೊದಲೇ ಬಿಸಿಯಾಗಿದ್ದ ಬಾಟಲಿಗೆ ಬಲೂನು ಸಿಕ್ಕಿಸಿದರೂ ಏಳುವುದಿಲ್ಲ, ಹಿಗ್ಗಬೇಕಾದ ಗಾಳಿ ಅಷ್ಟರಲ್ಲೇ ಹೊರಗೆ ಹೋಗಿರುತ್ತದೆ.

ಗಾಜಿನ ಬಾಟಲಿಯೋ ಪ್ಲಾಸ್ಟಿಕ್ ಬಾಟಲಿಯೋ?

ಬಿಸಿನೀರಿನ ಪ್ರಯೋಗಕ್ಕೆ ಗಾಜು ಒಳ್ಳೆಯದು. ತೆಳುವಾದ ನೀರಿನ ಪ್ಲಾಸ್ಟಿಕ್ ಬಾಟಲಿ 70 ಡಿಗ್ರಿ ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಾಟಲಿ ತಾನೇ ಮುದುಡಿ ಒಳಗಿನ ಗಾಳಿಯನ್ನು ಬಲೂನಿಗೆ ತಳ್ಳಿದರೆ, ಬಲೂನು ಉಬ್ಬಿದ್ದು ಯಾವುದರಿಂದ ಎಂದು ಹೇಳುವ ಹಾಗಿಲ್ಲ.

ಗಾಜಿಗೆ ಬೇರೆ ತೊಂದರೆ ಇದೆ. ದಪ್ಪ ಗಾಜನ್ನು ಒಮ್ಮೆಲೇ ಸುಡುವ ನೀರಿಗೆ ಇಟ್ಟರೆ ಹೊರಪದರ ಬೇಗ ಹಿಗ್ಗುತ್ತದೆ, ಒಳಪದರ ಹಿಂದೆ ಉಳಿಯುತ್ತದೆ. ಆ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಮೊದಲು ಬೆಚ್ಚಗಿನ ನೀರಿನಲ್ಲಿಟ್ಟು, ಆಮೇಲೆ ಪಕ್ಕದಿಂದ ನಿಧಾನವಾಗಿ ಬಿಸಿನೀರು ಸೇರಿಸಿ. ಬಿಸಿಯಿಂದ ನೇರ ಮಂಜುಗಡ್ಡೆಗೂ ಹಾಕಬೇಡಿ. ನಡುವೆ ಸ್ವಲ್ಪ ಹೊತ್ತು ಹೊರಗಿಟ್ಟು, ಸಾದಾ ನೀರಿನಲ್ಲಿ ಅದ್ದಿ ಆಮೇಲೆ ಹಾಕಿ.

ಚಿಕ್ಕ ಮಕ್ಕಳ ಜೊತೆ ಮಾಡಬಹುದಾ?

ಮಾಡಬಹುದು, ಆದರೆ ಬಿಸಿನೀರು ದೊಡ್ಡವರ ಕೈಯಲ್ಲೇ ಇರಬೇಕು. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳ ಚರ್ಮ ಇನ್ನೂ ಬೇಗ. ಐದಾರು ವರ್ಷದ ಮಕ್ಕಳಿದ್ದರೆ ನಾನು ಬಿಸಿನೀರನ್ನು ಮುಟ್ಟುವುದೇ ಇಲ್ಲ, ಮೇಲೆ ಹೇಳಿದ ಫ್ರೀಜರ್ ದಾರಿ ಹಿಡಿಯುತ್ತೇನೆ. ಫ್ರೀಜರಿನ ಒಳಗೆ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ಅಲ್ಲಿಂದ ಕೋಣೆಯ 27 ಡಿಗ್ರಿಗೆ ಬರುವಷ್ಟರಲ್ಲಿ ಗಾಳಿ ಶೇಕಡಾ 17ಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಬಿಸಿನೀರಿನಲ್ಲಿ ಆದದ್ದಕ್ಕಿಂತ ಇದೇ ಹೆಚ್ಚು! ಇದಕ್ಕೆ ಪ್ಲಾಸ್ಟಿಕ್ ಬಾಟಲಿಯನ್ನೂ ಬಳಸಬಹುದು, ಒಡೆಯುವ ಭಯವಿಲ್ಲ. ಸ್ವಲ್ಪ ಗಟ್ಟಿಯಾದ ಬಾಟಲಿ ಆರಿಸಿ, ಮಕ್ಕಳು ಅಮುಕಿಬಿಟ್ಟರೆ ಲೆಕ್ಕ ಕೆಡುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಗಂಭೀರವಾಗಿಯೇ ಹೇಳುತ್ತೇನೆ. ಒಡೆದ ಬಲೂನಿನ ಚೂರು ಮಗುವಿನ ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಎಂಟು ವರ್ಷದೊಳಗಿನ ಮಕ್ಕಳು ಬಲೂನನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಊದುವ ಕೆಲಸ ನೀವೇ ಮಾಡಿ. ಒಡೆದ ಚೂರುಗಳನ್ನು ಆ ಕ್ಷಣವೇ ಹೆಕ್ಕಿ ಎಸೆಯಿರಿ. ಕೆಲವರಿಗೆ ಬಲೂನಿನ ರಬ್ಬರ್ ಅಲರ್ಜಿ ಇರುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಊದಿದ ಬಲೂನನ್ನೇ ಫ್ರೀಜರಿನಲ್ಲಿಟ್ಟೆ. ಏನೂ ಬದಲಾಗಲಿಲ್ಲವಲ್ಲ?

ಬದಲಾಗಿದೆ, ಕಣ್ಣಿಗೆ ಗೊತ್ತಾಗಲಿಲ್ಲ ಅಷ್ಟೇ. ದಾರ ಬೇಕಾಗುವುದು ಇಲ್ಲಿಯೇ.

27 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದಾಗ ಒಳಗಿನ ಗಾಳಿ ಶೇಕಡಾ 15ರಷ್ಟು ಕುಗ್ಗುತ್ತದೆ. ಕೇಳುವುದಕ್ಕೆ ಜಾಸ್ತಿ ಅನ್ನಿಸುತ್ತದೆ. ಆದರೆ ಬಲೂನು ಉದ್ದ, ಅಗಲ, ಎತ್ತರ ಮೂರರಲ್ಲೂ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಹೀಗೆ ಹಂಚಿಹೋದ ಮೇಲೆ ಸುತ್ತಳತೆಯಲ್ಲಿ ಬರುವ ವ್ಯತ್ಯಾಸ ಶೇಕಡಾ 5 ಮಾತ್ರ. 60 ಸೆಂ.ಮೀ. ಸುತ್ತಳತೆಯ ಬಲೂನು ಸುಮಾರು 57 ಸೆಂ.ಮೀ. ಆಗುತ್ತದೆ. ಮೂರು ಸೆಂ.ಮೀ. ವ್ಯತ್ಯಾಸವನ್ನು ಬರಿಗಣ್ಣು ಹಿಡಿಯುವುದಿಲ್ಲ, ದಾರ ಹಿಡಿಯುತ್ತದೆ.

ಬಲೂನಿನ ಮೇಲೆ ಪೆನ್ನಿನಿಂದ ನಾಲ್ಕೈದು ಚುಕ್ಕೆ ಇಡಿ. ಪ್ರತಿ ಸಲ ಆ ಚುಕ್ಕೆಗಳ ಮೇಲೆಯೇ ದಾರ ಸುತ್ತಿ ಅಳೆಯಿರಿ, ಇಲ್ಲದಿದ್ದರೆ ಒಮ್ಮೆ ನಡುವೆ, ಒಮ್ಮೆ ಪಕ್ಕದಲ್ಲಿ ಅಳೆದು ಲೆಕ್ಕ ತಪ್ಪುತ್ತದೆ. ಫ್ರೀಜರಿನಿಂದ ತೆಗೆದ ಮೇಲೆ ತಡ ಮಾಡಬೇಡಿ. ಬಲೂನು ಬಹಳ ಬೇಗ ಬೆಚ್ಚಗಾಗುತ್ತದೆ, ಮಾತಾಡುತ್ತಾ ನಿಂತರೆ ಕೈಯಲ್ಲೇ ದೊಡ್ಡದಾಗಿಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಹೆಚ್ಚು ಕಡಿಮೆ ಮೊದಲಿನ 60ಕ್ಕೇ ಬಂದಿರುತ್ತದೆ. ಬಲೂನು ಚಿಕ್ಕದಾಗಿದ್ದು ಗಾಳಿ ಸೋರಿದ್ದರಿಂದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಬಿಸಿ ಎರಡರಷ್ಟಾದರೆ ಗಾಳಿಯೂ ಎರಡರಷ್ಟು ಆಗುತ್ತದಾ? 20 ಡಿಗ್ರಿಯಿಂದ 40 ಡಿಗ್ರಿ?

ಇಲ್ಲ. ಶೇಕಡಾ 7ರಷ್ಟು ಮಾತ್ರ ಹಿಗ್ಗುತ್ತದೆ. ಸೆಲ್ಸಿಯಸ್ ಅಳತೆಯ ಸೊನ್ನೆ ಎಂದರೆ ನೀರು ಹೆಪ್ಪುಗಟ್ಟುವ ಮಟ್ಟ. ಗಾಳಿಯ ಅಣುಗಳಿಗೆ ಅದು ಸೊನ್ನೆಯಲ್ಲ, ಅಲ್ಲೂ ಅವು ಜೋರಾಗಿಯೇ ಓಡುತ್ತಿರುತ್ತವೆ. ನಿಜವಾದ ಸೊನ್ನೆ ಇರುವುದು ಮೈನಸ್ 273.15 ಡಿಗ್ರಿಯಲ್ಲಿ. ಅಲ್ಲಿಂದ ಎಣಿಸುವ ಅಳತೆಯೇ ಕೆಲ್ವಿನ್. 20 ಡಿಗ್ರಿ ಎಂದರೆ 293 ಕೆಲ್ವಿನ್, 40 ಡಿಗ್ರಿ ಎಂದರೆ 313 ಕೆಲ್ವಿನ್. 313ನ್ನು 293ರಿಂದ ಭಾಗಿಸಿ ನೋಡಿ, ಉತ್ತರ ಸಿಗುತ್ತದೆ. 20 ಡಿಗ್ರಿಯ ಗಾಳಿಯನ್ನು ಎರಡರಷ್ಟು ಮಾಡಬೇಕಾದರೆ 313 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ರಬ್ಬರ್ ಅಷ್ಟು ಹೊತ್ತಿಗೆ ಕರಗಿಹೋಗಿರುತ್ತದೆ.

ಇದನ್ನು ಕಂಡುಹಿಡಿದವರು ಯಾರು?

ಫ್ರಾನ್ಸಿನ ಜಾಕ್ ಚಾರ್ಲ್ಸ್ 1787ರ ಸುಮಾರಿಗೆ ಇದನ್ನು ಗಮನಿಸಿದ್ದರು, ಆದರೆ ಪ್ರಕಟಿಸಲಿಲ್ಲ. 1802ರಲ್ಲಿ ಜೋಸೆಫ್ ಗೇ-ಲುಸ್ಸಾಕ್ ತಮ್ಮ ಅಳತೆಗಳನ್ನು ಪ್ರಕಟಿಸಿದಾಗ ಚಾರ್ಲ್ಸ್ ಅವರ ಕೆಲಸವನ್ನೂ ನೆನೆದರು. ಹಾಗಾಗಿಯೇ ಇಂದಿಗೂ ಇದನ್ನು ಚಾರ್ಲ್ಸ್‌ನ ನಿಯಮ ಎನ್ನುತ್ತೇವೆ. ಗೌರವ ಸಲ್ಲಬೇಕಾದವರಿಗೆ ಸಲ್ಲಿಸಿದ ಈ ನಡತೆ ನನಗೆ ತುಂಬಾ ಇಷ್ಟ.

ಇಬ್ಬರೂ ಬಲೂನಿನಲ್ಲಿ ಹಾರಿದವರು. 1783ರ ಡಿಸೆಂಬರ್ 1ರಂದು ಚಾರ್ಲ್ಸ್ ಪ್ಯಾರಿಸ್ಸಿನಿಂದ ಹೈಡ್ರೋಜನ್ ಬಲೂನಿನಲ್ಲಿ ಮೇಲೇರಿದರು. 1804ರಲ್ಲಿ ಗೇ-ಲುಸ್ಸಾಕ್ ಸುಮಾರು 7,000 ಮೀಟರ್ ಎತ್ತರ ಮುಟ್ಟಿದರು. ಅವರದ್ದು ರಬ್ಬರ್ ಬಲೂನುಗಳಲ್ಲ. ರಬ್ಬರ್ ಬಲೂನನ್ನು ಮೊದಲು ಮಾಡಿದವರು ಮೈಕೆಲ್ ಫ್ಯಾರಡೆ, 1824ರಲ್ಲಿ, ತಮ್ಮ ಹೈಡ್ರೋಜನ್ ಪ್ರಯೋಗಗಳಿಗಾಗಿ.

ಬಿಸಿ ಗಾಳಿಯಿಂದ ದೊಡ್ಡ ಬಲೂನು ಹಾರುತ್ತದೆ. ನಮ್ಮ ಬಲೂನು ಯಾಕೆ ಹಾರುವುದಿಲ್ಲ?

ತೂಕ ಹಾಕಿ ನೋಡೋಣ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ನಮ್ಮ ಬಲೂನಿಗೆ ಬಂದದ್ದು 110 ಮಿ.ಲೀ. ಬಿಸಿ ಗಾಳಿ. ಅಷ್ಟೇ ಜಾಗದ ತಣ್ಣನೆ ಗಾಳಿ ತೂಗುವುದೇ 0.13 ಗ್ರಾಂ. ಬಿಸಿಯಾದ್ದರಿಂದ ಅದರಲ್ಲಿ ಹತ್ತನೇ ಒಂದು ಭಾಗ ಹಗುರ, ಅಂದರೆ 0.01 ಗ್ರಾಂ ಚಿಲ್ಲರೆ. ಬಲೂನಿನ ರಬ್ಬರೇ ಎರಡು ಮೂರು ಗ್ರಾಂ ಇರುತ್ತದೆ. ಅದು ಏಳುವುದು ಹೇಗೆ?

ಜನರನ್ನು ಹೊತ್ತೊಯ್ಯುವ ಬಲೂನಿನಲ್ಲಿ 2,800 ಘನ ಮೀಟರ್ ಗಾಳಿ ಹಿಡಿಸುತ್ತದೆ ಎಂದುಕೊಳ್ಳಿ. ಅದನ್ನು 100 ಡಿಗ್ರಿಯ ಹತ್ತಿರ ಕಾಯಿಸಿದರೆ ಪ್ರತಿ ಘನ ಮೀಟರಿಗೆ ಸುಮಾರು 0.23 ಕಿಲೋ ಹಗುರ. ಎಲ್ಲ ಸೇರಿ 640 ಕಿಲೋ ಎತ್ತಬಹುದು. ಬಟ್ಟೆ, ಬುಟ್ಟಿ, ಗ್ಯಾಸು, ಜನ ಎಲ್ಲವೂ ಅದರಲ್ಲೇ ಆಗಬೇಕು. ಅಲ್ಲಿ ಗಾಳಿಗೆ ಬಾಯಿ ತೆರೆದಿರುತ್ತದೆ. ಹಿಗ್ಗಿದ ಗಾಳಿ ಕೆಳಗಿನಿಂದ ಹೊರಗೆ ಹೋಗುತ್ತದೆ, ಒಳಗೆ ಉಳಿದದ್ದು ಹಗುರವಾಗುತ್ತದೆ.

1783ರಲ್ಲಿ ಮೊದಲ ಬಿಸಿ ಗಾಳಿ ಬಲೂನು ಹಾರಿಸಿದ ಮಾಂಟ್‌ಗೋಲ್ಫಿಯೆ ಸಹೋದರರು, ಬೆಂಕಿಯ ಹೊಗೆಯಲ್ಲಿ ಏನೋ ವಿಶೇಷ ಅನಿಲವಿದೆ, ಅದೇ ಬಲೂನನ್ನು ಎತ್ತುತ್ತದೆ ಎಂದು ನಂಬಿದ್ದರು. ಕಾರಣ ಹೊಗೆಯಲ್ಲ, ಬಿಸಿ. ಇದನ್ನು ಮಕ್ಕಳಿಗೆ ಹೇಳುತ್ತೇನೆ. ತಮ್ಮ ಮೊದಲ ಊಹೆ ತಪ್ಪಾದಾಗ ಮುಖ ಬಾಡಿಸಿಕೊಂಡ ಮಕ್ಕಳಿಗಂತೂ ತಪ್ಪದೆ ಹೇಳುತ್ತೇನೆ.

ಅಡಿಗೆ ಸೋಡಾ ಮತ್ತು ವಿನೆಗರ್ ಹಾಕಿ ಬಲೂನು ಊದಿಸುವುದೂ ಇದೇ ಅಲ್ವಾ?

ಅಲ್ಲ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಹೊಸದಾಗಿ ಹುಟ್ಟಿ ಬಲೂನು ತುಂಬುತ್ತದೆ. ಇಲ್ಲಿ ಒಂದು ಅಣುವೂ ಹೊಸದಾಗಿ ಬರುವುದಿಲ್ಲ. ಇದು ತಣ್ಣಗಾದರೆ ಸೋಲುತ್ತದೆ, ಅದು ತಣ್ಣಗಾದ ಮೇಲೂ ಉಬ್ಬಿಯೇ ಇರುತ್ತದೆ.

ಬಲೂನನ್ನು ಬಾಟಲಿಯ ಒಳಗೆ ಎಳೆಸಬಹುದಾ?

ಓಹೋ, ಚೆನ್ನಾಗಿ ಆಗುತ್ತದೆ. ಬೆಚ್ಚಗೆ ಮಾಡಿದ ಗಾಜಿನ ಬಾಟಲಿಗೆ ಬಿಸಿನೀರು ತುಂಬಿ ಒಂದು ನಿಮಿಷ ಬಿಡಿ. ನೀರು ಚೆಲ್ಲಿ, ಬಾಯಿ ಒರೆಸಿ, ತಕ್ಷಣ ಬಲೂನು ಸಿಕ್ಕಿಸಿ. ಇದು ದೊಡ್ಡವರ ಕೆಲಸ, ಬಟ್ಟೆಯಿಂದ ಹಿಡಿದುಕೊಳ್ಳಿ. ಬಾಟಲಿ ತಣ್ಣಗಾಗುತ್ತಾ ಬಂದ ಹಾಗೆ ಬಲೂನು ಒಳಕ್ಕೆ ಇಳಿದು, ಬಾಟಲಿಯ ಒಳಗಡೆಯೇ ಉಬ್ಬುತ್ತದೆ.

ಇಲ್ಲಿ ಗಾಳಿ ಕುಗ್ಗುವುದರ ಜೊತೆ ಇನ್ನೊಂದು ಸಂಗತಿಯೂ ಸೇರಿದೆ. ಒದ್ದೆ ಬಾಟಲಿಯೊಳಗೆ ನೀರಾವಿ ತುಂಬಿರುತ್ತದೆ. 60 ಡಿಗ್ರಿಯಲ್ಲಿ ಒಳಗಿನ ಒತ್ತಡದ ಐದನೇ ಒಂದು ಭಾಗದವರೆಗೂ ನೀರಾವಿಯದ್ದೇ ಇರಬಹುದು. ತಣ್ಣಗಾದಾಗ ಅದು ಮತ್ತೆ ನೀರಾಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಅದರ ಪಾಲಿನ ಒತ್ತಡ ಹೋಗಿಬಿಡುತ್ತದೆ. ಬಲೂನನ್ನು ಒಳಗಿನಿಂದ ಯಾರೂ ಎಳೆಯುತ್ತಿಲ್ಲ, ಹೊರಗಿನ ಗಾಳಿ ಒಳಕ್ಕೆ ತಳ್ಳುತ್ತಿದೆ.

ಬೆಂಕಿಗೆ ಹಿಡಿದರೂ ಒಡೆಯದ ಬಲೂನು ಇದೆಯಂತೆ, ನಿಜವಾ?

ನಿಜ. ಬಲೂನಿನೊಳಗೆ ಸ್ವಲ್ಪ ನೀರು ತುಂಬಿಸಿ, ಆಮೇಲೆ ಊದಿ ಕಟ್ಟಿ. ನೀರು ನಿಂತಿರುವ ತಳಭಾಗಕ್ಕೆ ಸರಿಯಾಗಿ ಮೇಣದಬತ್ತಿಯ ಜ್ವಾಲೆ ತಾಗುವಂತೆ ಹಿಡಿಯಿರಿ. ಬರೀ ಗಾಳಿಯ ಬಲೂನಾದರೆ ತಕ್ಷಣ ಢಂ ಅನ್ನುತ್ತದೆ. ಇದು ಸುಮ್ನೆ ಇರುತ್ತದೆ, ತಳದಲ್ಲಿ ಕಪ್ಪು ಮಸಿ ಮಾತ್ರ ಹಿಡಿಯುತ್ತದೆ. ತೆಳುವಾದ ರಬ್ಬರಿಗೆ ತಾಗಿದ ಬಿಸಿಯನ್ನು ನೀರು ಎಳೆದುಕೊಳ್ಳುತ್ತದೆ. ಒಂದು ಲೋಟ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ, ಒಂದು ಲೋಟ ಗಾಳಿಗೆ ಬೇಕಾಗುವುದಕ್ಕಿಂತ 3,000 ಪಟ್ಟಿಗೂ ಜಾಸ್ತಿ. ಒಳಗೆ ನೀರಿರುವ ತನಕ ಅಲ್ಲಿನ ರಬ್ಬರ್ ಸುಡುವಷ್ಟು ಕಾಯುವುದಿಲ್ಲ.

ಮಕ್ಕಳ ಕೈಗೆ ಕೊಡಬೇಡಿ. ಕೆಳಗೆ ಒಂದು ತಟ್ಟೆ ಇಡಿ. ಜ್ವಾಲೆ ಪಕ್ಕಕ್ಕೆ ಸರಿದು ನೀರಿಲ್ಲದ ಜಾಗಕ್ಕೆ ತಾಗಿದರೆ ಒಡೆದೇ ಒಡೆಯುತ್ತದೆ.

ಬಿಸಿಗೆ ರಬ್ಬರ್ ಕೂಡ ಹಿಗ್ಗುತ್ತದಾ?

ಎಳೆದು ಹಿಡಿದ ರಬ್ಬರ್ ಬಿಸಿಯಾದರೆ ಹಿಗ್ಗುವುದಿಲ್ಲ, ಇನ್ನೂ ಬಿಗಿಯಾಗುತ್ತದೆ! ಬಲೂನಿನೊಳಗಿನ ಗಾಳಿ ಅಗಲವಾಗಲು ತಳ್ಳುತ್ತಿರುವಾಗ ರಬ್ಬರ್ ಅದನ್ನು ತಡೆಯುತ್ತಿರುತ್ತದೆ. ಗಾಳಿಯೇ ಗೆಲ್ಲುತ್ತದೆ. 1805ರಲ್ಲಿ ಜಾನ್ ಗೌ ಎಂಬುವರು ರಬ್ಬರಿನ ಈ ಗುಣವನ್ನು ಬರೆದಿಟ್ಟರು. ಗೌ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ರಬ್ಬರ್ ಪಟ್ಟಿಯನ್ನು ತುಟಿಗೆ ತಾಗಿಸಿಕೊಂಡು, ಎಳೆದಾಗ ಅದರ ಬಿಸಿ ಬದಲಾಗುವುದನ್ನೂ ಅವರು ಗುರುತಿಸಿದರು.

ನೀವೂ ಮಾಡಿ ನೋಡಿ. ಊದದ ಬಲೂನನ್ನು ಎರಡೂ ಕೈಯಲ್ಲಿ ಹಿಡಿದು ಸರಕ್ಕನೆ ಎಳೆದು, ಕೂಡಲೇ ಮೇಲ್ದುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಎಳೆದು ಹಾಗೇ ಅರ್ಧ ನಿಮಿಷ ಹಿಡಿದುಕೊಂಡು, ಒಮ್ಮೆಲೇ ಸಡಿಲಿಸಿ ಮತ್ತೆ ತಾಗಿಸಿ. ಈಗ ತಣ್ಣಗಿರುತ್ತದೆ. ಮಕ್ಕಳಿಗೆ ತೋರಿಸುವ ಮುಂಚೆ ಕಾಗದ, ಪೆನ್ಸಿಲ್ ಕೊಟ್ಟು ಕೇಳಿ: ಎಳೆದರೆ ಬಿಸಿಯೋ, ತಣ್ಣಗೋ?